ಕ್ಯಾಮೆರಾಕ್ಕಿಂತ ದುಬಾರಿಯಾದದ್ದು ಸಮಯ

ಅಮೆರಿಕದ ಛಾಯಾಗ್ರಾಹಕ ಡಬ್ಲ್ಯು. ಯೂಜಿನ್ ಸ್ಮಿತ್ 1955ರಲ್ಲಿ ಪಿಟ್ಸ್‌ಬರ್ಗ್ ನಗರಕ್ಕೆ ಹೋದದ್ದು ಮೂರು ವಾರಗಳ ಕೆಲಸಕ್ಕಾಗಿ. ಉಕ್ಕಿನ ಕಾರ್ಖಾನೆಗಳ ಆ ನಗರವನ್ನು ಕುರಿತ ಪುಸ್ತಕವೊಂದಕ್ಕೆ ಸುಮಾರು ನೂರು ಚಿತ್ರಗಳನ್ನು ತೆಗೆದುಕೊಟ್ಟರೆ ಅವರ ಹೊಣೆ ಮುಗಿಯುತ್ತಿತ್ತು. ಆದರೆ ಸ್ಮಿತ್ ತಿಂಗಳುಗಟ್ಟಲೆ ಅಲ್ಲಿಯೇ ಉಳಿದರು. ಸಾವಿರಾರು ನೆಗೆಟಿವ್‌ಗಳನ್ನು ಕೂಡಿಹಾಕಿದರು. ಅವರು ಕನಸಿದ ಆ ಮಹಾಪ್ರಬಂಧ ಅವರು ಬಯಸಿದ ರೂಪದಲ್ಲಿ ಎಂದೂ ಪೂರ್ಣಗೊಳ್ಳಲಿಲ್ಲ. 1978ರಲ್ಲಿ ತೀರಿಕೊಂಡಾಗ ಅವರ ಬಳಿ ಟನ್‌ಗಟ್ಟಲೆ ಚಿತ್ರ, ಕಾಗದಪತ್ರಗಳಿದ್ದವು; ಬ್ಯಾಂಕಿನಲ್ಲಿ ಇದ್ದದ್ದು 18 ಡಾಲರ್.

ಮರುವರ್ಷವೇ ಅವರ ಹೆಸರಿನಲ್ಲಿ ಲಾಭದ ಉದ್ದೇಶವಿಲ್ಲದ ಸ್ಮಾರಕ ನಿಧಿಯೊಂದು ಸ್ಥಾಪನೆಯಾಯಿತು. ಸ್ಮಿತ್ ಅವರಿಗೆ ಜೀವನವಿಡೀ ದಕ್ಕದಿದ್ದುದನ್ನು, ಅಂದರೆ ಒಂದು ವಿಷಯದ ಜೊತೆ ನಿಶ್ಚಿಂತೆಯಿಂದ ಬದುಕುವ ಕಾಲಾವಕಾಶವನ್ನು, ಇತರರಿಗೆ ಒದಗಿಸುವುದು ಅದರ ಗುರಿ. ಅದರ ಮೊದಲ ಅನುದಾನ 1980ರಲ್ಲಿ ಅಂಧ ಮಕ್ಕಳ ಬದುಕನ್ನು ಚಿತ್ರಿಸುತ್ತಿದ್ದ ಜೇನ್ ಎವೆಲಿನ್ ಆಟ್‌ವುಡ್ ಅವರಿಗೆ ದೊರೆಯಿತು. ಮುಂದೆ ಅವರು ಹತ್ತು ವರ್ಷಗಳ ಕಾಲ ಒಂಬತ್ತು ದೇಶಗಳ ನಲವತ್ತು ಸೆರೆಮನೆಗಳಲ್ಲಿ ಮಹಿಳಾ ಕೈದಿಗಳ ಚಿತ್ರಗಳನ್ನು ತೆಗೆದರು. 1982ರಲ್ಲಿ ಈ ನಿಧಿಯ ನೆರವು ಪಡೆದ ಸೆಬಾಸ್ಟಿಯಾವೊ ಸಲ್ಗಾಡೊ ಆಗಿನ್ನೂ ಜಗದ್ವಿಖ್ಯಾತರಾಗಿರಲಿಲ್ಲ.

ಇಂಥ ಸಂಸ್ಥೆಗಳ ಅಗತ್ಯ ಆ ಹೊತ್ತಿಗೇ ಏಕೆ ಕಾಣಿಸಿಕೊಂಡಿತು ಎಂಬುದನ್ನು ಗಮನಿಸಬೇಕು. ಅದುವರೆಗೆ ಛಾಯಾಗ್ರಾಹಕನಿಗೆ ಕಾಲಾವಕಾಶವನ್ನು ಕೊಡುತ್ತಿದ್ದುದು ಸಚಿತ್ರ ಪತ್ರಿಕೆಗಳು. ಸ್ಮಿತ್ ಅವರು ಜಪಾನಿನ ಮಿನಮಾಟದಲ್ಲಿ, ಪಾದರಸದ ವಿಷದಿಂದ ನಲುಗಿದ ಮೀನುಗಾರ ಕುಟುಂಬಗಳ ನಡುವೆ ತೆಗೆದ ಚಿತ್ರಗಳನ್ನು ‘ಲೈಫ್’ ವಾರಪತ್ರಿಕೆ 1972ರ ಜೂನ್‌ನಲ್ಲಿ ಪ್ರಕಟಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ವಾರಪತ್ರಿಕೆಯೇ ನಿಂತುಹೋಯಿತು. ನಮ್ಮಲ್ಲಿ ‘ಇಲ್ಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ’ 1993ರಲ್ಲಿ ಮುಚ್ಚಿತು. ಮೈಸೂರಿನ ಟಿ.ಎಸ್. ಸತ್ಯನ್ ಅವರಂಥವರು ಬೆಳೆದದ್ದು ಇಂಥ ಪತ್ರಿಕೆಗಳ ನೆರಳಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿಡುಬು ನಿರ್ಮೂಲನೆಯ ಕಾರ್ಯವನ್ನು ಚಿತ್ರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ಸತ್ಯನ್ ನಮ್ಮನ್ನಗಲುವ ವೇಳೆಗೆ ಅವರನ್ನು ರೂಪಿಸಿದ ಪತ್ರಿಕಾ ಪ್ರಪಂಚ ಬಹುಮಟ್ಟಿಗೆ ಮರೆಯಾಗಿತ್ತು.

ಪತ್ರಿಕೆಯ ವಾರದ ಪುರವಣಿಗಳಿಗೆ ಚಿತ್ರಗಳನ್ನು ಆಯುವ ಕೆಲಸವನ್ನು ನಾನು ಬಹಳ ಕಾಲ ಮಾಡಿದ್ದೇನೆ. ಈ ಬದಲಾವಣೆಯನ್ನು ನಾನು ಕಂಡದ್ದು ಮೇಜಿನ ಮೇಲೆ ಬಂದು ಬೀಳುತ್ತಿದ್ದ ಲಕೋಟೆಗಳಲ್ಲಿ. ಮೊದಮೊದಲು ಒಂದು ಜಾತ್ರೆಯನ್ನೋ ಒಂದು ಗಣಿಯ ಊರನ್ನೋ ವರ್ಷಗಟ್ಟಲೆ ನೋಡಿದವರ ಚಿತ್ರಗಳು ಬರುತ್ತಿದ್ದವು. ಬರಬರುತ್ತಾ ಒಂದೇ ಮಧ್ಯಾಹ್ನದಲ್ಲಿ ತೆಗೆದ ನಲವತ್ತು ಚಿತ್ರಗಳು ಬರತೊಡಗಿದವು. ತೆಗೆದವರ ಪ್ರತಿಭೆ ಕುಗ್ಗಿತ್ತೆಂದು ನಾನು ಭಾವಿಸುವುದಿಲ್ಲ. ಮರುದಿನ ಮದುವೆಮನೆಯ ಕೆಲಸಕ್ಕೆ ಹೋಗದಿದ್ದರೆ ಆ ತಿಂಗಳ ಬಾಡಿಗೆ ಹೊರಡದು ಎಂಬ ಸ್ಥಿತಿ ಅವರದು. ಸಾಕ್ಷ್ಯಚಿತ್ರಣದ ಖರ್ಚೆಂದರೆ ಕ್ಯಾಮೆರಾದ ಬೆಲೆಯೆಂದು ನಾವು ತಿಳಿದಿದ್ದೇವೆ. ನಿಜವಾಗಿ ದುಬಾರಿಯಾದದ್ದು ಕ್ಯಾಮೆರಾವನ್ನು ಚೀಲದಲ್ಲಿಟ್ಟು ಸುಮ್ಮನೆ ಕುಳಿತಿರುವ ದಿನಗಳು. ಜನ ನಂಬುವುದು ಆ ದಿನಗಳಲ್ಲಿ.

ಹಣದ ಜೊತೆಗೆ ಬೇಕಾದದ್ದು ಮಾರ್ಗದರ್ಶನ. ಇದರ ಅತ್ಯುತ್ತಮ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಶಾಹಿದುಲ್ ಆಲಮ್ ಅವರು 1989ರಲ್ಲಿ ಢಾಕಾದಲ್ಲಿ ‘ದೃಕ್’ ಚಿತ್ರಸಂಸ್ಥೆಯನ್ನೂ 1998ರಲ್ಲಿ ‘ಪಾಠಶಾಲಾ’ ಎಂಬ ಛಾಯಾಗ್ರಹಣ ಶಾಲೆಯನ್ನೂ ಕಟ್ಟಿದರು. ಬಡ ದೇಶಗಳ ಪ್ರವಾಹ, ಹಸಿವುಗಳನ್ನು ಪಶ್ಚಿಮದ ಛಾಯಾಗ್ರಾಹಕರು ಬಂದು ತೆಗೆದುಕೊಂಡು ಹೋಗುವ ಪದ್ಧತಿಗೆ ಅದು ಉತ್ತರವಾಗಿತ್ತು. 2013ರ ಏಪ್ರಿಲ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರಕ್ಕೂ ಹೆಚ್ಚು ಮಂದಿ ಸತ್ತಾಗ, ಅವಶೇಷಗಳ ನಡುವೆ ಅಪ್ಪಿಕೊಂಡೇ ಪ್ರಾಣಬಿಟ್ಟ ಇಬ್ಬರ ಚಿತ್ರವನ್ನು ಜಗತ್ತಿಗೆ ತೋರಿಸಿದ ತಸ್ಲಿಮಾ ಅಖ್ತರ್ ಈ ಶಾಲೆಯಲ್ಲಿ ಕಲಿತವರು. ಅವರು ಅದಕ್ಕೆ ಮೊದಲೇ ಸಿದ್ಧ ಉಡುಪು ಕಾರ್ಮಿಕರ ನಡುವೆ ಕೆಲಸ ಮಾಡುತ್ತಿದ್ದವರು. ದುರಂತದ ದಿನ ಬಂದಿಳಿದವರಲ್ಲ. ಇಂಥ ಶಾಲೆಗೆ ತೆರಬೇಕಾದ ಬೆಲೆಯೂ ಉಂಟು. 2018ರ ಆಗಸ್ಟ್‌ನಲ್ಲಿ ಬಂಧಿತರಾದ ಆಲಮ್ ನೂರಕ್ಕೂ ಹೆಚ್ಚು ದಿನ ಸೆರೆಮನೆಯಲ್ಲಿದ್ದರು.

ನಮ್ಮ ದೇಶದ ಉದಾಹರಣೆಯೊಂದು ಇನ್ನೂ ಹತ್ತಿರದ್ದು. ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ‘ಪರಿ’, ಅಂದರೆ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ, ತನ್ನ ವರದಿಗಳನ್ನು ಕನ್ನಡದಲ್ಲೂ ಪ್ರಕಟಿಸುತ್ತದೆ. ಅದು ಫೆಲೋಶಿಪ್ ನೀಡಿ ಬೆಳೆಸಿದವರಲ್ಲಿ ತಮಿಳುನಾಡಿನ ಎಂ. ಪಳನಿ ಕುಮಾರ್ ಒಬ್ಬರು. ಮೀನು ಮಾರುವ ತಾಯಿ ಸಾಲ ಮಾಡಿ ಕೊಟ್ಟ ಹಣದಲ್ಲಿ ಮೊದಲ ಕ್ಯಾಮೆರಾ ಕೊಂಡ ಅವರು, ಮಲಗುಂಡಿಗಳಿಗೆ ಇಳಿಯುವ ಕಾರ್ಮಿಕರ ಬದುಕನ್ನು ದಾಖಲಿಸುತ್ತಾ ಬಂದರು. ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2013ರಲ್ಲೇ ಬಂದಿದೆ, ಸಾವುಗಳು ನಿಂತಿಲ್ಲ. ಖ್ಯಾತ ಛಾಯಾಗ್ರಾಹಕಿ ದಯನಿತಾ ಸಿಂಗ್ ಅವರಿಗೆ 2022ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂದ ಸಂದರ್ಭದಲ್ಲಿ ಅವರು ‘ಪರಿ’ಯೊಡನೆ ಸೇರಿ 2 ಲಕ್ಷ ರೂಪಾಯಿಯ ಸಾಕ್ಷ್ಯ ಛಾಯಾಗ್ರಹಣ ಪ್ರಶಸ್ತಿಯೊಂದನ್ನು ಸ್ಥಾಪಿಸಿದರು. ಅದರ ಮೊದಲ ಪುರಸ್ಕೃತರು ಪಳನಿ ಕುಮಾರ್. ದೊಡ್ಡ ಗ್ಯಾಲರಿಗಳ ಕಲಾವಿದೆಯೊಬ್ಬರು ಬೀದಿಯ ಸಾಕ್ಷಿಯೊಬ್ಬನ ಕೈಹಿಡಿದದ್ದು ನನಗೆ ಆ ಮೊತ್ತಕ್ಕಿಂತ ದೊಡ್ಡದಾಗಿ ಕಂಡಿತು.

ಹಾಗೆಂದು ಈ ಅನುದಾನಗಳ ಲೋಕ ದೋಷಮುಕ್ತವೇನಲ್ಲ. ಅರ್ಜಿ ಇಂಗ್ಲಿಷಿನಲ್ಲಿರಬೇಕು, ಕಲಾವಿದನ ನಿವೇದನೆ ಎಂಬ ಹೆಸರಿನಲ್ಲಿ ಒಂದು ಬಗೆಯ ಪರಿಭಾಷೆಯನ್ನು ಬಲ್ಲವನಾಗಿರಬೇಕು. ಬಳ್ಳಾರಿಯ ಗಣಿಧೂಳಿನಲ್ಲಿ ಬೆಳೆದ ಹುಡುಗನ ಕಣ್ಣಿಗಿಂತ ಮಹಾನಗರದ ಕಾಲೇಜಿನಲ್ಲಿ ಓದಿದವನ ಒಕ್ಕಣೆ ತೀರ್ಪುಗಾರರನ್ನು ಸುಲಭವಾಗಿ ತಲುಪುತ್ತದೆ. ಸಂಕಟವೇ ಬಹುಮಾನಕ್ಕೆ ಅರ್ಹವೆಂಬ ಭಾವನೆ ಬೇರೂರಿದರೆ ಛಾಯಾಗ್ರಾಹಕರು ಸಂಕಟವನ್ನೇ ಹುಡುಕಿಕೊಂಡು ಹೋಗುತ್ತಾರೆ. ಅದು ಗ್ಯಾಲರಿಯ ಬಿಳಿ ಗೋಡೆಯ ಮೇಲೆ ಚೌಕಟ್ಟಿನೊಳಗೆ ಸುಂದರವಾಗಿ ಕಾಣುವಾಗ, ಚಿತ್ರದಲ್ಲಿರುವವರಿಗೆ ದಕ್ಕಿದ್ದೇನು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಈ ಪ್ರಶ್ನೆಗೆ ಎರಡು ಉತ್ತರಗಳು ನನ್ನ ನೆನಪಿಗೆ ಬರುತ್ತವೆ. ಮಿನಮಾಟದಲ್ಲಿ ಸ್ಮಿತ್ ತೆಗೆದ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು, ತಾಯಿಯೊಬ್ಬಳು ತನ್ನ ಅಂಗವಿಕಲ ಮಗಳನ್ನು ಸ್ನಾನ ಮಾಡಿಸುತ್ತಿರುವ ದೃಶ್ಯ. ಆ ಮಗಳು 1977ರಲ್ಲಿ ತೀರಿಕೊಂಡಳು. ಅವಳನ್ನು ಇನ್ನಾದರೂ ವಿಶ್ರಮಿಸಲು ಬಿಡಿ ಎಂಬುದು ಹೆತ್ತವರ ಬಯಕೆಯಾದಾಗ, ಸ್ಮಿತ್ ಅವರ ಪತ್ನಿಯಾಗಿದ್ದ, ಆ ಕೆಲಸದಲ್ಲಿ ಸಹಭಾಗಿಯಾಗಿದ್ದ ಐಲೀನ್ ಸ್ಮಿತ್ 1998ರಲ್ಲಿ ಆ ಚಿತ್ರದ ಬಳಕೆಯ ನಿರ್ಧಾರವನ್ನು ಅವರಿಗೇ ಒಪ್ಪಿಸಿದರು. ದಯನಿತಾ ಸಿಂಗ್ 1989ರಲ್ಲಿ ವಿದೇಶಿ ಪತ್ರಿಕೆಯೊಂದಕ್ಕಾಗಿ ದೆಹಲಿಯ ಹಿಜಡಾ ಸಮುದಾಯದ ಮೋನಾ ಅಹ್ಮದ್ ಅವರ ಚಿತ್ರಗಳನ್ನು ತೆಗೆದಿದ್ದರು. ಅವು ಪ್ರಕಟವಾಗುವುದು ಬೇಡವೆಂದು ಮೋನಾ ಅಂದಾಗ ರೀಲನ್ನು ಮರಳಿಸಿಬಿಟ್ಟರು. ಅಲ್ಲಿಂದ ಆರಂಭವಾದ ಗೆಳೆತನದ ಫಲವಾಗಿ 2001ರಲ್ಲಿ ಬಂದ ಪುಸ್ತಕದಲ್ಲಿ ಮೋನಾ ತಮ್ಮ ಕಥೆಯನ್ನು ತಾವೇ ಹೇಳಿಕೊಂಡಿದ್ದಾರೆ. ರೀಲನ್ನು ಮರಳಿಸುವ ಧೈರ್ಯ ದಿನಗೂಲಿಯ ಒತ್ತಡದಲ್ಲಿರುವವರಿಗೆ ಸುಲಭವಾಗಿ ಬರುವುದಿಲ್ಲ. ನೆರವು ನೀಡುವ ಸಂಸ್ಥೆಯ ಅಳತೆಗೋಲು ಇದೇ ಆಗಬೇಕು: ಚಿತ್ರ ತೆಗೆಯಲು ಮಾತ್ರವಲ್ಲ, ಅಗತ್ಯ ಬಿದ್ದಾಗ ತೆಗೆಯದಿರಲೂ ಅದು ಛಾಯಾಗ್ರಾಹಕನಿಗೆ ಬಲ ಕೊಡುತ್ತದೆಯೇ?

ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ನೆಲೆ ಇಲ್ಲವೆನ್ನುವಂತಿಲ್ಲ. ಕಲೆಗಳಿಗೆ ಅನುದಾನ ನೀಡುವ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಸ್ಥಾಪನೆಗೊಂಡದ್ದು ಬೆಂಗಳೂರಿನಲ್ಲೇ. ಆದರೆ ಒಂದು ಸಂಸ್ಥೆ ಎಷ್ಟನ್ನು ಹೊತ್ತೀತು? 2013ರ ಕಂಪನಿ ಕಾಯ್ದೆಯು ದೊಡ್ಡ ಕಂಪನಿಗಳು ತಮ್ಮ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕೆನ್ನುತ್ತದೆ; ಕಲೆ, ಸಂಸ್ಕೃತಿಯೂ ಅದರ ಪಟ್ಟಿಯಲ್ಲಿವೆ. ಕಂಪನಿಗಳ ರಾಜಧಾನಿಯೆನಿಸಿದ ಈ ನಗರದಲ್ಲಿ ಆ ಹಣದ ಸಣ್ಣ ಪಾಲೊಂದು ಕನ್ನಡದಲ್ಲಿ ಅರ್ಜಿ ಸ್ವೀಕರಿಸುವ, ಹಿರಿಯರೊಬ್ಬರ ಜೊತೆ ವರ್ಷವಿಡೀ ಕಲಿಯಲು ಬಿಡುವ, ಆ ಬಳಿಕ ಚಿತ್ರಗಳನ್ನು ಮೊದಲು ಅವು ಹುಟ್ಟಿದ ಊರಿನಲ್ಲೇ ಪ್ರದರ್ಶಿಸುವ ನಿಧಿಯೊಂದಕ್ಕೆ ಸಲ್ಲಬಾರದೇ?

ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ಹಾಗಿದ್ದ ಮೇಲೆ ಇದೆಲ್ಲ ಏಕೆಂದು ಕೇಳುವವರಿದ್ದಾರೆ. ಪ್ರತಿಯೊಬ್ಬರ ಮನೆಯಲ್ಲೂ ಲೇಖನಿ ಇದ್ದ ಕಾಲದಲ್ಲಿ ಇತಿಹಾಸಕಾರರು ಬೇಡವೆಂದು ಯಾರೂ ಹೇಳಲಿಲ್ಲ. ಬತ್ತುತ್ತಿರುವ ಕೆರೆ, ಖಾಲಿಯಾಗುತ್ತಿರುವ ಹಳ್ಳಿ, ಮ್ಯಾನ್‌ಹೋಲ್‌ಗೆ ಇಳಿದು ಮರಳದ ಮನುಷ್ಯ ಇವರೆಲ್ಲರ ಚಿತ್ರ ನಾಳೆ ನಮಗೆ ಬೇಕಾಗುತ್ತದೆ. ಅದನ್ನು ತೆಗೆಯಬಲ್ಲವರಿಗೆ ಇಂದು ಒಂದು ವರ್ಷದ ಅನ್ನವನ್ನು ಒದಗಿಸುವುದು ದಾನವಲ್ಲ, ನಮ್ಮ ನೆನಪಿಗೆ ನಾವೇ ಕಟ್ಟುವ ಕಂತು.