ಇಂಟೇಕ್ ಮ್ಯಾನಿಫೋಲ್ಡ್ ಬದಲಾವಣೆ: ಗಳಿಸುವುದೆಷ್ಟು, ಕಳೆದುಕೊಳ್ಳುವುದೆಷ್ಟು?

ವೇಗದ ಕಾರು ಕೊಂಡವರಿಗೆ ಕೆಲವೇ ದಿನಗಳಲ್ಲಿ ಅದರ ವೇಗವೂ ಸಾಲದೆನಿಸುವುದು ಹೊಸ ಸಂಗತಿಯೇನಲ್ಲ. ಕಾರ್ಖಾನೆಯಿಂದ ಬಂದ ಎಂಜಿನ್ನಿಗೆ ಹೊರಗಿನ ಬಿಡಿಭಾಗಗಳನ್ನು ಜೋಡಿಸಿ ಇನ್ನಷ್ಟು ಅಶ್ವಶಕ್ತಿ ಹೊರಡಿಸುವ ಹವ್ಯಾಸ ಅಮೆರಿಕದಲ್ಲಿ ಒಂದು ದೊಡ್ಡ ಉದ್ಯಮವಾಗಿಯೇ ಬೆಳೆದಿದೆ. ಈ ಬಿಡಿಭಾಗಗಳ ಪೈಕಿ ಹೆಚ್ಚು ಆಸೆ ಹುಟ್ಟಿಸುವಂಥದ್ದು ಇಂಟೇಕ್ ಮ್ಯಾನಿಫೋಲ್ಡ್. ಎಂಜಿನ್ನಿನ ನೆತ್ತಿಯ ಮೇಲೆ ಕುಳಿತು, ಹೊರಗಿನಿಂದ ಬಂದ ಗಾಳಿಯನ್ನು ಎಲ್ಲ ಸಿಲಿಂಡರ್‌ಗಳಿಗೆ ಹಂಚುವ ಕೊಳವೆಗಳ ಗುಚ್ಛ ಇದು. ಕೆಲವೇ ಬೋಲ್ಟ್‌ಗಳನ್ನು ಬಿಚ್ಚಿ ಬದಲಿಸಬಹುದಾದ್ದರಿಂದ ಸುಲಭದ ಕೆಲಸವೆಂಬ ಭಾವನೆ ವ್ಯಾಪಕವಾಗಿದೆ. ಆದರೆ ಈ ಬದಲಾವಣೆಗೆ ತೆರಬೇಕಾದ ಬೆಲೆ ಬಿಡಿಭಾಗದ ಬಿಲ್ಲಿನಲ್ಲಿ ಮುಗಿಯುವುದಿಲ್ಲ.

ಈ ವಿಚಾರವನ್ನು ಅರಿಯಲು ಫೋರ್ಡ್ ಮಸ್ಟಾಂಗ್ ಜಿಟಿ ಉತ್ತಮ ಉದಾಹರಣೆ. ‘ಕೊಯೋಟಿ’ ಎಂದು ಕರೆಯಲಾಗುವ ಅದರ 5.0 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್ 2011ರ ಮಾದರಿಯಿಂದ ಬಳಕೆಗೆ ಬಂತು. 2016ರ ಜುಲೈನಲ್ಲಿ ಈ ಕಾರು ಭಾರತದಲ್ಲೂ ಮಾರಾಟಕ್ಕೆ ಬಂದಿತ್ತು. ಈ ಎಂಜಿನ್ನಿಗೆ ಹೊಂದುವ ಬದಲಿ ಮ್ಯಾನಿಫೋಲ್ಡ್‌ಗಳು ಹಲವಾರಿವೆ. ಅವುಗಳ ಲಾಭನಷ್ಟಗಳ ಅನುಭವವೂ ಸಾಕಷ್ಟಿದೆ.

ಕೊಳವೆಯ ಉದ್ದದ ಗುಟ್ಟು

ಮ್ಯಾನಿಫೋಲ್ಡ್‌ನಲ್ಲಿ ಮುಖ್ಯವಾಗಿ ಎರಡು ಭಾಗಗಳು. ಗಾಳಿ ಬಂದು ತುಂಬುವ ಕೋಣೆಗೆ ಪ್ಲೀನಂ ಎಂದೂ, ಅಲ್ಲಿಂದ ಪ್ರತಿ ಸಿಲಿಂಡರ್‌ಗೆ ಹೋಗುವ ಕೊಳವೆಗೆ ರನ್ನರ್ ಎಂದೂ ಹೆಸರು. ಎಂಜಿನ್ನಿನ ಸ್ವಭಾವವನ್ನು ಬಹುಪಾಲು ನಿರ್ಧರಿಸುವುದು ಈ ರನ್ನರ್‌ಗಳ ಉದ್ದ ಮತ್ತು ಅಗಲ.

ಇಂಟೇಕ್ ವಾಲ್ವ್ ತೆರೆದು ಪಿಸ್ಟನ್ ಗಾಳಿಯನ್ನು ಎಳೆದಾಗ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ಆ ಕುಸಿತ ಒಂದು ಅಲೆಯಾಗಿ ಶಬ್ದದ ವೇಗದಲ್ಲಿ ಪ್ಲೀನಂವರೆಗೆ ಸಾಗಿ, ಅಲ್ಲಿಂದ ಒತ್ತಡದ ಅಲೆಯಾಗಿ ಮಾರ್ಪಟ್ಟು ಹಿಂದಿರುಗುತ್ತದೆ. ವಾಲ್ವ್ ಮುಚ್ಚುವ ಹೊತ್ತಿಗೆ ಸರಿಯಾಗಿ ಈ ಅಲೆ ಬಂದು ತಲುಪಿದರೆ ಇನ್ನಷ್ಟು ಗಾಳಿಯನ್ನು ಸಿಲಿಂಡರ್‌ನೊಳಗೆ ದೂಡುತ್ತದೆ. ಯಾವ ಯಂತ್ರವೂ ಇಲ್ಲದೆ ದೊರೆಯುವ ಉಚಿತ ಸಹಾಯ ಇದು. ಆದರೆ ಅಲೆ ಬರುವ ಸಮಯಕ್ಕೂ ವಾಲ್ವ್ ಮುಚ್ಚುವ ಸಮಯಕ್ಕೂ ತಾಳೆಯಾಗಬೇಕು.

ಅರ್ಧ ಮೀಟರ್ ಉದ್ದದ ಕೊಳವೆಯಲ್ಲಿ ಅಲೆ ಹೋಗಿ ಬರಲು ಸುಮಾರು 3 ಮಿಲಿಸೆಕೆಂಡ್ ಬೇಕು. ಕೊಳವೆಯನ್ನು ಅರ್ಧಕ್ಕೆ ಇಳಿಸಿದರೆ ಸುಮಾರು 1.5 ಮಿಲಿಸೆಕೆಂಡ್ ಸಾಕು. ಇನ್ನೊಂದೆಡೆ, ನಿಮಿಷಕ್ಕೆ 4000 ಸುತ್ತು ತಿರುಗುವ ಎಂಜಿನ್ ಒಂದು ಸುತ್ತಿಗೆ 15 ಮಿಲಿಸೆಕೆಂಡ್ ತೆಗೆದುಕೊಂಡರೆ, 7000 ಸುತ್ತಿನ ವೇಗದಲ್ಲಿ 8.6 ಮಿಲಿಸೆಕೆಂಡ್ ಮಾತ್ರ. ಹೀಗಾಗಿ ಉದ್ದನೆಯ ರನ್ನರ್ ಕೆಳ ಮತ್ತು ಮಧ್ಯಮ ಸುತ್ತುಗಳಲ್ಲಿ ಎಂಜಿನ್ನಿಗೆ ನೆರವಾದರೆ, ಗಿಡ್ಡ ರನ್ನರ್ ತುದಿಯ ಸುತ್ತುಗಳಲ್ಲಿ ನೆರವಾಗುತ್ತದೆ. ಕಾರ್ಖಾನೆಯ ಸಾಮಾನ್ಯ ಮ್ಯಾನಿಫೋಲ್ಡ್ ಇವೆರಡರ ನಡುವಿನ ರಾಜಿ. ಹೆಚ್ಚು ಶಕ್ತಿಯ ಭರವಸೆ ನೀಡುವ ಬದಲಿ ಮ್ಯಾನಿಫೋಲ್ಡ್‌ಗಳಲ್ಲಿ ಬಹುಪಾಲು ಈ ರಾಜಿಯನ್ನು ಮುರಿದು ತುದಿಯ ಕಡೆಗೆ ವಾಲುತ್ತವೆ. ಇಲ್ಲಿಂದಲೇ ಮೊದಲ ನಷ್ಟ ಆರಂಭವಾಗುತ್ತದೆ.

ಬಾಸ್ 302 ಕಲಿಸಿದ ಪಾಠ

ಈ ಕೊಡುಕೊಳುವಿಕೆಯನ್ನು ಸ್ವತಃ ಫೋರ್ಡ್ ಕಂಪನಿಯ ಅಂಕಿಅಂಶಗಳೇ ತೋರಿಸಿಕೊಡುತ್ತವೆ. 2012ರ ಮಸ್ಟಾಂಗ್ ಜಿಟಿ 6500 ಸುತ್ತಿನಲ್ಲಿ 412 ಅಶ್ವಶಕ್ತಿ, 4250 ಸುತ್ತಿನಲ್ಲಿ ಸುಮಾರು 529 ನ್ಯೂಟನ್ ಮೀಟರ್ ಟಾರ್ಕ್ ನೀಡುತ್ತಿತ್ತು. ಅದೇ ವರ್ಷ ಬಂದ ಮಸ್ಟಾಂಗ್ ಬಾಸ್ 302 ಎಂಬ ವಿಶೇಷ ಕಾರಿಗೆ ಕಂಪನಿ ಗಿಡ್ಡ ರನ್ನರ್‌ಗಳ ಮ್ಯಾನಿಫೋಲ್ಡ್ ಕೊಟ್ಟಿತು. ಅದರ ಶಕ್ತಿ 7400 ಸುತ್ತಿನಲ್ಲಿ 444ಕ್ಕೆ ಏರಿತು. ಗರಿಷ್ಠ ಟಾರ್ಕ್ ಮಾತ್ರ ಸುಮಾರು 515 ನ್ಯೂಟನ್ ಮೀಟರ್‌ಗೆ ಇಳಿಯಿತು.

ಲೆಕ್ಕ ಹಾಕಿದರೆ ಇನ್ನೊಂದು ಕುತೂಹಲಕರ ಅಂಶ ಹೊರಬೀಳುತ್ತದೆ. ಗರಿಷ್ಠ ಅಶ್ವಶಕ್ತಿಯ ಹಂತದಲ್ಲಿ ಸಾಧಾರಣ ಜಿಟಿಯ ಟಾರ್ಕ್ ಸುಮಾರು 451 ನ್ಯೂಟನ್ ಮೀಟರ್ ಇದ್ದರೆ, ಬಾಸ್ 302ರದ್ದು ಸುಮಾರು 427 ಮಾತ್ರ. ಅಂದರೆ ಹೆಚ್ಚುವರಿ 32 ಅಶ್ವಶಕ್ತಿ ಬಂದದ್ದು ಎಂಜಿನ್ ಹೆಚ್ಚು ಬಲವಾಗಿ ತಳ್ಳಿದ್ದರಿಂದಲ್ಲ, ಹೆಚ್ಚು ವೇಗವಾಗಿ ತಿರುಗಿದ್ದರಿಂದ. ಅಷ್ಟು ವೇಗವನ್ನು ತಾಳಿಕೊಳ್ಳಲು ಫೋರ್ಡ್ ಆ ಎಂಜಿನ್ನಿನ ಸಿಲಿಂಡರ್ ಹೆಡ್, ಕ್ಯಾಮ್‌ಶಾಫ್ಟ್, ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್‌ಗಳನ್ನೂ ಬದಲಿಸಿತ್ತು. ಮ್ಯಾನಿಫೋಲ್ಡ್ ಅಲ್ಲಿ ಒಂದು ಕೂಟದ ಸದಸ್ಯ. ಆ ಒಬ್ಬ ಸದಸ್ಯನನ್ನು ಮಾತ್ರ ತಂದು ಸಾಧಾರಣ ಜಿಟಿಗೆ ಕೂರಿಸಿದರೆ ಟಾರ್ಕ್ ನಷ್ಟ ಪೂರ್ತಿಯಾಗಿ ಬರುತ್ತದೆ, ಲಾಭ ಭಾಗಶಃ ಮಾತ್ರ ಬರುತ್ತದೆ.

ನಗರದ ರಸ್ತೆಯಲ್ಲಿ ಕಾರು 7000 ಸುತ್ತು ತಲುಪುವುದು ಎಷ್ಟು ಬಾರಿ? ಸಿಗ್ನಲ್‌ನಿಂದ ಹೊರಡುವಾಗ, ಲಾರಿಯನ್ನು ಹಿಂದಿಕ್ಕುವಾಗ, ಏರುರಸ್ತೆಯಲ್ಲಿ ಸಾಗುವಾಗ ಬೇಕಾಗುವುದು 1500ರಿಂದ 4000 ಸುತ್ತುಗಳ ನಡುವಿನ ಬಲ. ಗಿಡ್ಡ ರನ್ನರ್ ಕಸಿದುಕೊಳ್ಳುವುದು ಅದನ್ನೇ. ಡೈನೋ ಯಂತ್ರದ ಹಾಳೆಯಲ್ಲಿ ತುದಿಯ ಅಂಕಿ ಹೆಚ್ಚಿದರೂ ದಿನನಿತ್ಯದ ಓಡಾಟದಲ್ಲಿ ಕಾರು ಮಂಕಾದಂತೆ ತೋರುವುದು ಇದೇ ಕಾರಣದಿಂದ.

ಕಳಚಿಹೋಗುವ ಕವಾಟಗಳು

2015ರ ಮಾದರಿಯಿಂದ ಮಸ್ಟಾಂಗ್ ಜಿಟಿಯ ಮ್ಯಾನಿಫೋಲ್ಡ್‌ನಲ್ಲಿ ‘ಚಾರ್ಜ್ ಮೋಷನ್ ಕಂಟ್ರೋಲ್ ವಾಲ್ವ್’ ಎಂಬ ಸಣ್ಣ ಕವಾಟಗಳನ್ನು ಅಳವಡಿಸಲಾಯಿತು. ಎಂಜಿನ್ ನಿಧಾನವಾಗಿ ತಿರುಗುವಾಗ ಇವು ಗಾಳಿಯ ದಾರಿಯನ್ನು ಭಾಗಶಃ ಮುಚ್ಚಿ, ಒಳಹೋಗುವ ಗಾಳಿ ಸುಳಿಸುಳಿಯಾಗಿ ಹೊರಳುವಂತೆ ಮಾಡುತ್ತವೆ. ಇದರಿಂದ ಪೆಟ್ರೋಲ್ ಮತ್ತು ಗಾಳಿ ಚೆನ್ನಾಗಿ ಬೆರೆಯುತ್ತವೆ, ಐಡ್ಲಿಂಗ್ ಸ್ಥಿರವಾಗುತ್ತದೆ, ಇಂಧನ ಉಳಿತಾಯವಾಗುತ್ತದೆ, ಹೊಗೆಯಲ್ಲಿ ಮಾಲಿನ್ಯ ತಗ್ಗುತ್ತದೆ.

ಅನೇಕ ಬದಲಿ ಮ್ಯಾನಿಫೋಲ್ಡ್‌ಗಳಲ್ಲಿ ಈ ಕವಾಟಗಳೇ ಇಲ್ಲ. ಹವ್ಯಾಸಿಗಳಿಗೆ ಪ್ರಿಯವಾದ ಶೆಲ್ಬಿ ಜಿಟಿ350 ಕಾರಿನ ಮ್ಯಾನಿಫೋಲ್ಡ್ ಇದಕ್ಕೆ ನಿದರ್ಶನ. ಅದು 8250 ಸುತ್ತಿನವರೆಗೆ ತಿರುಗಬಲ್ಲ, 526 ಅಶ್ವಶಕ್ತಿಯ 5.2 ಲೀಟರ್ ಎಂಜಿನ್ನಿಗಾಗಿ ರೂಪುಗೊಂಡದ್ದು. ಅದರ ಥ್ರಾಟಲ್ ಬಾಡಿಯ ವ್ಯಾಸ 87 ಮಿಲಿಮೀಟರ್. 2015ರ ಜಿಟಿಯದು 80 ಮಿಲಿಮೀಟರ್. ಹೀಗಾಗಿ ಮ್ಯಾನಿಫೋಲ್ಡ್ ಒಂದನ್ನೇ ಕೊಂಡರೆ ಸಾಲದು. ಹೊಸ ಥ್ರಾಟಲ್ ಬಾಡಿ, ಅದಕ್ಕೆ ಹೊಂದುವ ಗಾಳಿ ಕೊಳವೆ, ಗ್ಯಾಸ್ಕೆಟ್‌ಗಳು, ಇವೆಲ್ಲದರ ಮೇಲೆ ಕಂಪ್ಯೂಟರ್ ಮರುಹೊಂದಾಣಿಕೆ ಎಂದು ಖರ್ಚಿನ ಪಟ್ಟಿ ಬೆಳೆಯುತ್ತಾ ಹೋಗುತ್ತದೆ.

ಕಂಪ್ಯೂಟರಿಗೆ ತಿಳಿಯದ ಗಾಳಿ

ಇಂದಿನ ಎಂಜಿನ್ನಿನ ಮಿದುಳು ಇಸಿಯು ಎಂಬ ಕಂಪ್ಯೂಟರ್. ಎಷ್ಟು ಗಾಳಿ ಒಳಬಂದಿದೆ ಎಂಬುದನ್ನು ಆಧರಿಸಿ ಅದು ಪೆಟ್ರೋಲಿನ ಪ್ರಮಾಣ, ಕಿಡಿ ಹೊತ್ತಿಸುವ ಕ್ಷಣ ಹಾಗೂ ವಾಲ್ವ್‌ಗಳ ಸಮಯವನ್ನು ನಿರ್ಧರಿಸುತ್ತದೆ. ಈ ಎಲ್ಲ ಲೆಕ್ಕಗಳ ಕೋಷ್ಟಕಗಳನ್ನು ಕಂಪನಿಯ ಎಂಜಿನಿಯರ್‌ಗಳು ಮೂಲ ಮ್ಯಾನಿಫೋಲ್ಡ್ ಇಟ್ಟುಕೊಂಡೇ ಸಿದ್ಧಪಡಿಸಿರುತ್ತಾರೆ. ಗಾಳಿಯ ದಾರಿ ಬದಲಾದೊಡನೆ ಆ ಕೋಷ್ಟಕಗಳು ಹಳಸಲಾಗುತ್ತವೆ.

ಗಾಳಿಯನ್ನು ಅಳೆಯುವ ಸೆನ್ಸರ್ ಕುಳಿತ ಕೊಳವೆಯ ಅಗಲ ಬದಲಾದರಂತೂ ಅಳತೆಯೇ ತಪ್ಪುತ್ತದೆ. ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾದರೆ ಸಿಲಿಂಡರ್‌ನಲ್ಲಿ ಶಾಖ ಏರಿ, ಮಿಶ್ರಣ ಅಕಾಲದಲ್ಲಿ ಸಿಡಿಯುವ ‘ನಾಕಿಂಗ್’ ಆರಂಭವಾಗುತ್ತದೆ. ದೀರ್ಘಕಾಲ ಹೀಗೇ ನಡೆದರೆ ಪಿಸ್ಟನ್‌ಗಳು ಬಿರುಕು ಬಿಡಬಹುದು, ಕರಗಲೂಬಹುದು. ನಾಕಿಂಗ್ ಕಂಡ ಕಂಪ್ಯೂಟರ್ ಕಿಡಿಯನ್ನು ತಡವಾಗಿಸಿ ಎಂಜಿನ್ನನ್ನು ಕಾಪಾಡಲು ಯತ್ನಿಸುತ್ತದೆ. ಆಗ ಹಣ ತೆತ್ತು ಪಡೆದ ಶಕ್ತಿಯೂ ಕರಗಿಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಸರಿಯಾಗಿ ವಿನ್ಯಾಸಗೊಳ್ಳದ ಮ್ಯಾನಿಫೋಲ್ಡ್ ಎಂಟೂ ಸಿಲಿಂಡರ್‌ಗಳಿಗೆ ಗಾಳಿಯನ್ನು ಸಮನಾಗಿ ಹಂಚುವುದಿಲ್ಲ. ನಿಷ್ಕಾಸ ಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರ್ ನಾಲ್ಕು ಸಿಲಿಂಡರ್‌ಗಳ ಹೊಗೆಯನ್ನು ಒಟ್ಟಾಗಿ ನೋಡುತ್ತದೆ. ಒಂದು ಸಿಲಿಂಡರ್ ಪೆಟ್ರೋಲಿನ ಕೊರತೆಯಿಂದ ಬೇಯುತ್ತಿದ್ದರೂ ಉಳಿದ ಮೂರರಲ್ಲಿ ಹೆಚ್ಚಿದ್ದರೆ ಸರಾಸರಿ ಸರಿಯಾಗಿಯೇ ಕಾಣುತ್ತದೆ. ಪ್ರಸಿದ್ಧ ವಿನ್ಯಾಸಗಳನ್ನು ನಕಲು ಮಾಡಿ ಅಗ್ಗದ ಬೆಲೆಗೆ ಮಾರುವ ಮ್ಯಾನಿಫೋಲ್ಡ್‌ಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ.

ಸೋರಿಕೆ, ಶಾಖ, ಸವೆತ

ಜೋಡಣೆಯ ಹಂತದಲ್ಲೂ ತೊಡಕುಗಳಿವೆ. ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ, ಬೋಲ್ಟ್‌ಗಳನ್ನು ನಿಗದಿತ ಬಿಗಿತಕ್ಕೆ ತಿರುಗಿಸದಿದ್ದರೆ ಸೆನ್ಸರ್‌ನ ಕಣ್ಣಿಗೆ ಬೀಳದ ಗಾಳಿ ಒಳನುಸುಳುತ್ತದೆ. ಐಡ್ಲಿಂಗ್ ಏರಿಳಿಯುವುದು, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವುದು ಇದರ ಲಕ್ಷಣಗಳು. ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತವೂ ಅನೇಕ ಕಾರುಗಳಲ್ಲಿ ಮ್ಯಾನಿಫೋಲ್ಡ್‌ನಿಂದಲೇ ಹೋಗುತ್ತದೆ. ಆ ಕೊಳವೆಯನ್ನು ಸರಿಯಾಗಿ ಜೋಡಿಸದಿದ್ದರೆ ಬ್ರೇಕ್ ಪೆಡಲ್ ಗಡುಸಾಗಿ, ಕಾರು ನಿಲ್ಲಲು ಹೆಚ್ಚು ಬಲ ಬೇಕಾಗುತ್ತದೆ. ಶಕ್ತಿ ಹೆಚ್ಚಿಸಲು ಹೊರಟು ನಿಲ್ಲುವ ಸಾಮರ್ಥ್ಯವನ್ನೇ ಕುಂದಿಸಿಕೊಂಡಂತಾದೀತು. ಹಳೆಯ ಮ್ಯಾನಿಫೋಲ್ಡ್ ತೆಗೆದಾಗ ತೆರೆದುಕೊಳ್ಳುವ ರಂಧ್ರಗಳಿಗೆ ಒಂದು ಸಣ್ಣ ನಟ್ಟು ಬಿದ್ದರೂ ಇಡೀ ಎಂಜಿನ್ ಹಾಳಾಗುವ ಸಂಭವವಿದೆ.

ಕಾರ್ಖಾನೆಯ ಮ್ಯಾನಿಫೋಲ್ಡ್‌ಗಳು ಈಗ ಹೆಚ್ಚಾಗಿ ಗಟ್ಟಿ ಪ್ಲಾಸ್ಟಿಕ್‌ನವು. ಅದು ಅಗ್ಗವೆಂಬ ಕಾರಣದಿಂದ ಹಲವರಿಗೆ ತಾತ್ಸಾರ. ಆದರೆ ಪ್ಲಾಸ್ಟಿಕ್ ಎಂಜಿನ್ನಿನ ಶಾಖವನ್ನು ಸುಲಭವಾಗಿ ಒಳಗಿನ ಗಾಳಿಗೆ ದಾಟಿಸುವುದಿಲ್ಲ. ಬದಲಿಗೆ ಬರುವ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಬೇಗ ಕಾಯುತ್ತದೆ. ಗಾಳಿಯ ಉಷ್ಣತೆ 27ರಿಂದ 37 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅದರ ಸಾಂದ್ರತೆ ಶೇ. 3ರಷ್ಟು ಇಳಿಯುತ್ತದೆ, ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ವಾಹನ ದಟ್ಟಣೆಯಲ್ಲಿ ನಿಂತು ಕಾದ ಕಾರಿನಲ್ಲಿ ಈ ಪರಿಣಾಮ ಎದ್ದುಕಾಣುತ್ತದೆ.

ತುದಿಯ ಸುತ್ತಿನಲ್ಲಷ್ಟೇ ಫಲ ನೀಡುವ ಮ್ಯಾನಿಫೋಲ್ಡ್ ಹಾಕಿದವರು ಸಹಜವಾಗಿಯೇ ಎಂಜಿನ್ನನ್ನು ಹೆಚ್ಚು ತಿರುಗಿಸುತ್ತಾರೆ. ಕೆಲವರು ಕಂಪ್ಯೂಟರ್‌ನಲ್ಲಿನ ಸುತ್ತಿನ ಮಿತಿಯನ್ನೂ ಏರಿಸುತ್ತಾರೆ. ಸುತ್ತು ಎರಡು ಪಟ್ಟಾದರೆ ಪಿಸ್ಟನ್ ಮತ್ತು ರಾಡ್‌ಗಳ ಮೇಲಿನ ಜಡತ್ವದ ಬಲ ನಾಲ್ಕು ಪಟ್ಟಾಗುತ್ತದೆ. 7000ದಿಂದ 7500ಕ್ಕೆ ಏರಿಸಿದರೂ ಆ ಬಲ ಸುಮಾರು ಶೇ. 15ರಷ್ಟು ಹೆಚ್ಚುತ್ತದೆ. ಕೊಯೋಟಿ ಎಂಜಿನ್ನಿನಲ್ಲಿ ಇಂಥ ಬಳಕೆಗೆ ಮುನ್ನ ಆಯಿಲ್ ಪಂಪಿನ ಗೇರುಗಳನ್ನು ಇನ್ನೂ ಗಟ್ಟಿಯಾದವುಗಳಿಗೆ ಬದಲಿಸುವ ವಾಡಿಕೆ ಬೆಳೆದಿರುವುದು ಕಾರಣವಿಲ್ಲದೆ ಅಲ್ಲ.

ಕಾನೂನಿನ ಚೌಕಟ್ಟು

ಅಮೆರಿಕದ ಶುದ್ಧ ವಾಯು ಕಾಯ್ದೆಯ ಪ್ರಕಾರ ವಾಹನದ ಮಾಲಿನ್ಯ ನಿಯಂತ್ರಣ ವ್ಯವಸ್ಥೆಯನ್ನು ಕಳಚುವುದು ಅಥವಾ ನಿಷ್ಕ್ರಿಯಗೊಳಿಸುವುದು ನಿಷಿದ್ಧ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ರಸ್ತೆಯ ಕಾರಿಗೆ ಇಂಥ ಬಿಡಿಭಾಗ ಹಾಕಬೇಕಾದರೆ ಅದಕ್ಕೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ವಿನಾಯಿತಿ ಆದೇಶವಿರಬೇಕು. ವಾರಂಟಿಯ ವಿಷಯದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಗ್ರಾಹಕನಿಗೆ ಒಂದಷ್ಟು ರಕ್ಷಣೆ ನೀಡುತ್ತದೆ. ಹೊರಗಿನ ಬಿಡಿಭಾಗ ಹಾಕಿದ ಮಾತ್ರಕ್ಕೆ ಇಡೀ ವಾರಂಟಿ ರದ್ದಾಗದು. ಆದರೆ ಹಾನಿಗೆ ಆ ಭಾಗವೇ ಕಾರಣವೆಂದು ಸಾಬೀತಾದರೆ ದುರಸ್ತಿಯ ವೆಚ್ಚ ಮಾಲೀಕನ ಹೆಗಲಿಗೇ ಬೀಳುತ್ತದೆ.

ಭಾರತದ ಕಾನೂನು ಇನ್ನೂ ಬಿಗಿ. ತಯಾರಕರು ನಮೂದಿಸಿದ ಮೂಲ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಎಂಜಿನ್ನಿನ ಶಕ್ತಿ ಹೆಚ್ಚಿಸಿದ ಸಂಗತಿಯನ್ನು ವಿಮಾ ಕಂಪನಿಗೆ ತಿಳಿಸದೆ ಬಚ್ಚಿಟ್ಟರೆ ಅಪಘಾತದ ನಂತರ ಪರಿಹಾರಕ್ಕೆ ತಕರಾರು ಬರುವ ಸಾಧ್ಯತೆಯೂ ಇದೆ.

ಯಾರಿಗೆ ಸೂಕ್ತ?

ಹಾಗೆಂದು ಬದಲಿ ಮ್ಯಾನಿಫೋಲ್ಡ್ ಸರ್ವಥಾ ನಿಷ್ಪ್ರಯೋಜಕವೆಂದು ಭಾವಿಸಬೇಕಿಲ್ಲ. ರೇಸ್ ಟ್ರ್ಯಾಕ್‌ನಲ್ಲಿ ಎಂಜಿನ್ ಬಹುತೇಕ ಸಮಯ ತುದಿಯ ಸುತ್ತುಗಳಲ್ಲೇ ಇರುತ್ತದೆ. ಕ್ಯಾಮ್‌ಶಾಫ್ಟ್, ಸಿಲಿಂಡರ್ ಹೆಡ್, ನಿಷ್ಕಾಸ ಕೊಳವೆ, ಗೇರ್ ಅನುಪಾತಗಳನ್ನೆಲ್ಲ ಒಂದೇ ಗುರಿಯಿಟ್ಟು ಹೊಂದಿಸಿದ ಕಾರಿಗೆ ಗಿಡ್ಡ ರನ್ನರ್ ಸಾರ್ಥಕವಾದ ಆಯ್ಕೆಯೇ ಸರಿ. ಸಮಸ್ಯೆ ಇರುವುದು ರಸ್ತೆಯ ಕಾರಿಗೆ, ಉಳಿದದ್ದೆಲ್ಲವನ್ನೂ ಇದ್ದಂತೆಯೇ ಬಿಟ್ಟು, ಇದೊಂದನ್ನೇ ಬದಲಿಸುವಲ್ಲಿ.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಹೊಸ ಮ್ಯಾನಿಫೋಲ್ಡ್‌ನ ಲಾಭ ಯಾವ ಸುತ್ತಿನಿಂದ ಶುರುವಾಗುತ್ತದೆ? ಅದಕ್ಕಿಂತ ಕೆಳಗೆ ಎಷ್ಟು ಟಾರ್ಕ್ ಹೋಗುತ್ತದೆ? ಮೂಲದ ಕವಾಟಗಳು ಉಳಿಯುತ್ತವೆಯೇ? ಕಂಪ್ಯೂಟರ್ ಮರುಹೊಂದಾಣಿಕೆ ಮಾಡುವವರಿಗೆ ಆ ಎಂಜಿನ್ನಿನ ಅನುಭವವಿದೆಯೇ? ಮಾರಾಟಗಾರ ತೋರಿಸುವ ಡೈನೋ ಹಾಳೆಯಲ್ಲಿ ತುದಿಯ ಒಂದು ಅಂಕಿಯನ್ನಷ್ಟೇ ನೋಡದೆ, 2000 ಸುತ್ತಿನಿಂದ ಆರಂಭಿಸಿ ಇಡೀ ಗೆರೆಯನ್ನು ಮೂಲ ಮ್ಯಾನಿಫೋಲ್ಡ್‌ನ ಗೆರೆಯೊಂದಿಗೆ ಹೋಲಿಸಿ ನೋಡುವುದು ಒಳಿತು. ಬಿಚ್ಚಿದ ಮೂಲ ಭಾಗವನ್ನು ಮಾರದೆ ಜೋಪಾನವಾಗಿಟ್ಟರೆ ಮುಂದೆ ಹಿಂದಿರುಗುವ ದಾರಿಯೂ ಉಳಿಯುತ್ತದೆ.

ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಮಾತು ಗಾಳಿಗೂ ಸಲ್ಲುತ್ತದೆ. ಎಂಜಿನ್ನಿಗೆ ಬೇಕಾಗಿರುವುದು ಬರಿಯ ಹೆಚ್ಚು ಗಾಳಿಯಲ್ಲ. ಸರಿಯಾದ ಹೊತ್ತಿನಲ್ಲಿ, ಸರಿಯಾದ ಅಳತೆಯಲ್ಲಿ, ಎಲ್ಲ ಸಿಲಿಂಡರ್‌ಗಳಿಗೂ ಸಮನಾಗಿ ಬರುವ ಗಾಳಿ.