ಸೆಂಟ್ರಲ್ ಲೈನ್ ಸೋಂಕು: ತಡೆಯುವ ಅಧಿಕಾರ ಯಾರದು?

ತೀವ್ರ ನಿಗಾ ಘಟಕದ ರೋಗಿಗೆ ಬೇಕಾಗುವ ಕೆಲವು ಪ್ರಬಲ ಔಷಧಗಳನ್ನು ಕೈಯ ಸಣ್ಣ ರಕ್ತನಾಳದ ಮೂಲಕ ದಿನಗಟ್ಟಲೆ ಕೊಡುವುದು ಸುರಕ್ಷಿತವಲ್ಲವಾದ್ದರಿಂದ, ಕುತ್ತಿಗೆ, ಕೊರಳೆಲುಬಿನ ಕೆಳಭಾಗ ಅಥವಾ ತೊಡೆಸಂದಿನ ದೊಡ್ಡ ಅಭಿಧಮನಿಯೊಳಕ್ಕೆ ತೆಳುವಾದ ನಳಿಕೆಯೊಂದನ್ನು ಸೇರಿಸುತ್ತಾರೆ. ಆಸ್ಪತ್ರೆಯ ಮಾತಿನಲ್ಲಿ ಇದೇ ಸೆಂಟ್ರಲ್ ಲೈನ್. ಜೀವ ಉಳಿಸುವ ಈ ನಳಿಕೆಯೇ ರೋಗಾಣುಗಳಿಗೂ ನೇರವಾಗಿ ರಕ್ತಕ್ಕಿಳಿಯುವ ದಾರಿಯಾಗಬಲ್ಲದು.

ಆರೋಗ್ಯವಂತರ ಚರ್ಮದ ಮೇಲೆ ಯಾವ ತೊಂದರೆಯನ್ನೂ ಕೊಡದೆ ಬದುಕುವ ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್‌ನಂಥ ಬ್ಯಾಕ್ಟೀರಿಯಾಗಳು, ನಳಿಕೆ ಚರ್ಮವನ್ನು ಹೊಕ್ಕ ಜಾಗದಿಂದ ಅದರ ಹೊರಮೈಗುಂಟ, ಇಲ್ಲವೇ ಔಷಧ ಸೇರಿಸುವ ಹಬ್ ಎಂಬ ಜೋಡಣೆಯ ಬಾಯಿಂದ ಒಳಮೈಗುಂಟ ಸಾಗಿ, ಬಯೋಫಿಲ್ಮ್ ಎನ್ನುವ ಲೋಳೆಯಂಥ ಪದರವನ್ನು ಕಟ್ಟಿಕೊಳ್ಳುತ್ತವೆ. ಈ ಪದರದೊಳಗೆ ಅವಿತ ಬ್ಯಾಕ್ಟೀರಿಯಾಗಳನ್ನು ಪ್ರತಿಜೀವಕಗಳು ಸುಲಭವಾಗಿ ಕೊಲ್ಲಲಾರವಾದ್ದರಿಂದ, ಎಷ್ಟೋ ಸಲ ನಳಿಕೆಯನ್ನೇ ತೆಗೆದುಹಾಕಬೇಕಾಗುತ್ತದೆ.

ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯ ಪೀಟರ್ ಪ್ರೊನೊವೋಸ್ಟ್ ಅವರು 2001ರಲ್ಲಿ ಇಂಥ ಸೋಂಕನ್ನು ತಡೆಯಲೆಂದು ಸಿದ್ಧಪಡಿಸಿದ ಪಟ್ಟಿಯಲ್ಲಿ ಹೊಸ ಔಷಧವಾಗಲಿ ಯಂತ್ರವಾಗಲಿ ಇರಲಿಲ್ಲ. ಕೈ ತೊಳೆಯುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡೀನ್ ಎಂಬ ನಂಜುನಿರೋಧಕ ಹಚ್ಚುವುದು, ವೈದ್ಯರು ಟೋಪಿ, ಮಾಸ್ಕ್, ಕ್ರಿಮಿಶುದ್ಧ ಗೌನು ಮತ್ತು ಕೈಗವಸು ಧರಿಸಿ ರೋಗಿಯ ಮೈಯನ್ನು ಕ್ರಿಮಿಶುದ್ಧ ಬಟ್ಟೆಯಿಂದ ಮುಚ್ಚುವುದು, ಸಾಧ್ಯವಿದ್ದಲ್ಲಿ ತೊಡೆಸಂದನ್ನು ಬಿಟ್ಟು ಬೇರೆ ಜಾಗವನ್ನು ಆರಿಸುವುದು, ಅಗತ್ಯ ಮುಗಿದೊಡನೆ ನಳಿಕೆಯನ್ನು ತೆಗೆಯುವುದು: ಇವೆಲ್ಲ ವೈದ್ಯರಿಗೆ ಮೊದಲೇ ಗೊತ್ತಿದ್ದ ಸಂಗತಿಗಳು. ಗೊತ್ತಿದ್ದರೂ ಅವಸರದಲ್ಲಿ ಒಂದಲ್ಲ ಒಂದು ತಪ್ಪಿಹೋಗುತ್ತಿತ್ತು. ನಿಜವಾಗಿ ಹೊಸದಾಗಿದ್ದುದು, ಯಾವುದೇ ಹಂತ ಬಿಟ್ಟುಹೋದರೆ ತುರ್ತು ಸಂದರ್ಭವೊಂದನ್ನು ಹೊರತುಪಡಿಸಿ ವೈದ್ಯರನ್ನು ಅಲ್ಲಿಯೇ ತಡೆದು ನಿಲ್ಲಿಸುವ ಅಧಿಕಾರವನ್ನು ದಾದಿಯರಿಗೆ ಕೊಟ್ಟದ್ದು. ಹಿರಿಯ ವೈದ್ಯರ ಎದುರು ಕಿರಿಯರು ಬಾಯಿ ತೆರೆಯಲು ಅಂಜುವ ಆಸ್ಪತ್ರೆಗಳಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಬೇಕಾದ ಸಾಮಗ್ರಿಯನ್ನು ಹುಡುಕಿಕೊಂಡು ಅಲೆಯುವ ಅಗತ್ಯವೇ ಬಾರದಂತೆ ಎಲ್ಲವನ್ನೂ ಒಂದೇ ತಳ್ಳುಬಂಡಿಯಲ್ಲಿ ಜೋಡಿಸಿಡಲಾಯಿತು.

ಇದೇ ಕ್ರಮವನ್ನು ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಅಳವಡಿಸಿದಾಗ, ಸಾವಿರ ಕ್ಯಾತಿಟರ್-ದಿನಗಳಿಗೆ, ಅಂದರೆ ಎಲ್ಲ ರೋಗಿಗಳಲ್ಲಿ ನಳಿಕೆ ಇದ್ದ ದಿನಗಳನ್ನು ಕೂಡಿಸಿದ ಲೆಕ್ಕಕ್ಕೆ, ಸರಾಸರಿ 7.7 ಇದ್ದ ಸೋಂಕು ಹದಿನೆಂಟು ತಿಂಗಳೊಳಗೆ 1.4ಕ್ಕೆ ಇಳಿಯಿತೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೂರು ವರ್ಷಗಳಾದರೂ ಆ ಇಳಿಕೆ ಉಳಿದುಕೊಂಡಿತ್ತು.

ನಳಿಕೆ ಹಾಕಿದ ನಂತರವೂ ಎಚ್ಚರ ಬೇಕು: ಪ್ರತಿ ಸಲ ಔಷಧ ಕೊಡುವ ಮೊದಲು ಹಬ್ಬನ್ನು ನಂಜುನಿರೋಧಕದಿಂದ ಉಜ್ಜಿ ಆರಲು ಬಿಡಬೇಕು, ಒದ್ದೆಯಾದ ಅಥವಾ ಸಡಿಲವಾದ ಡ್ರೆಸ್ಸಿಂಗನ್ನು ಕೂಡಲೇ ಬದಲಿಸಬೇಕು. ಆಪ್ತರು ಐಸಿಯುನಲ್ಲಿದ್ದಾಗ, ಈ ಲೈನ್ ಇವತ್ತೂ ಬೇಕೇ ಎಂದು ವೈದ್ಯರನ್ನು ಪ್ರತಿದಿನ ಕೇಳಲು ಮನೆಯವರು ಸಂಕೋಚಪಡಬೇಕಾಗಿಲ್ಲ.