ಅಸೈನ್‌ಮೆಂಟ್ ಬರೆಯಲು ಫೋನಿನ ನೆರವು

ಬೀದರಿನ ಮಹಮೂದ್ ಗವಾನ್ ಮದರಸಕ್ಕೆ ಜನ ಬರುವುದು ಅದರ ಮಿನಾರು, ಬಣ್ಣದ ಹೆಂಚು ನೋಡಲು. 1472ರ ಸುಮಾರಿಗೆ ಅದನ್ನು ಕಟ್ಟಿಸಿದ ಬಹಮನಿ ವಜೀರ ಗವಾನ್ ಪಾರಸಿಯಲ್ಲಿ ‘ಮನಾಜಿರುಲ್ ಇನ್ಶಾ’ ಎಂಬ ಗ್ರಂಥವನ್ನೂ ಬರೆದಿದ್ದ. ಪತ್ರ ಮತ್ತು ಗದ್ಯವನ್ನು ಹೇಗೆ ಬರೆಯಬೇಕು ಎಂಬುದೇ ಅದರ ವಿಷಯ. ಬರವಣಿಗೆಯನ್ನು ಒಂದು ವಿದ್ಯೆಯೆಂದು ಬಗೆದು ಕಲಿಸಿದ ಊರಿದು. ಇಂದು ಇಲ್ಲಿಯೂ ಇದೇ ಜಿಲ್ಲೆಯ ಭಾಲ್ಕಿ, ಔರಾದಿನಲ್ಲೂ ಪದವಿ ವಿದ್ಯಾರ್ಥಿಗಳಿಂದ ಅಸೈನ್‌ಮೆಂಟ್ ಕೇಳುತ್ತಾರೆ; ಬರೆಯುವ ಬಗೆ ಹೇಳಿಕೊಡುವುದು ಅಪರೂಪ.

ಔರಾದ್ ತಾಲ್ಲೂಕು ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ಅಂಟಿಕೊಂಡಿದೆ. ಅಲ್ಲಿನ ಎಷ್ಟೋ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖನಿ, ತರಗತಿಯಲ್ಲಿ ಪುಸ್ತಕದ ಕನ್ನಡ ಅಥವಾ ಇಂಗ್ಲಿಷ್. ಈ ಮಕ್ಕಳಿಗೆ ವಿಷಯ ತಿಳಿಯದೆಂದಲ್ಲ. ಎದುರು ಕೂರಿಸಿ ಕೇಳಿದರೆ ಸೊಗಸಾಗಿ ಹೇಳುತ್ತಾರೆ, ಪೆನ್ನು ಹಿಡಿದರೆ ಗೈಡಿನ ವಾಕ್ಯಗಳೇ ಇಳಿಯುತ್ತವೆ. ಫೋನಿನ ಧ್ವನಿ ಟೈಪಿಂಗ್ ಕೆಲಸಕ್ಕೆ ಬರುವುದು ಇಲ್ಲೇ. 2017ರ ಆಗಸ್ಟಿನಲ್ಲಿ ಗೂಗಲ್ ಈ ಸೌಲಭ್ಯಕ್ಕೆ ಸೇರಿಸಿದ ಭಾಷೆಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇದ್ದವು. ಬೀದರ್ ಜಿಲ್ಲೆಯಲ್ಲಿ ಈ ನಾಲ್ಕನ್ನೂ ಆಡುತ್ತಾರೆ. ತಿಳಿದದ್ದನ್ನು ಮೊದಲು ಬಾಯಿಂದ ಹೇಳಿ ಅಕ್ಷರಕ್ಕಿಳಿಸಿ, ಆಮೇಲೆ ತಿದ್ದಿದರೆ ವಾಕ್ಯ ಆ ವಿದ್ಯಾರ್ಥಿಯದೇ ಆಗಿರುತ್ತದೆ.

ತಿದ್ದುವುದಕ್ಕೆ ಗೂಗಲ್ ಡಾಕ್ಸ್‌ನಂಥ ಹಂಚಿಕೊಂಡ ಕಡತ ಸಾಕು. ಅಧ್ಯಾಪಕರು ವಾಕ್ಯದ ಪಕ್ಕದಲ್ಲೇ ‘ಇದಕ್ಕೆ ಆಧಾರವೇನು?’ ಎಂದು ಕೇಳಬಹುದು. ಯಾವ ಸಾಲು ಯಾವಾಗ ಬದಲಾಯಿತೆಂಬ ಇತಿಹಾಸವೂ ಅಲ್ಲೇ ಉಳಿಯುತ್ತದೆ. ದೊಡ್ಡ ತರಗತಿಯಲ್ಲಿ ಎಲ್ಲರ ಎಲ್ಲ ಪುಟ ನೋಡಲಾಗದು, ನಿಜ. ಒಬ್ಬೊಬ್ಬರದು ಒಂದೊಂದು ಪ್ಯಾರಾ ನೋಡಿದರೂ ನಡೆದೀತು.

ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರು ಭಾಲ್ಕಿಯವರು. ಕನ್ನಡಕ್ಕಾಗಿ ಅಷ್ಟು ಪಾಡುಪಟ್ಟ ನೆಲದಲ್ಲಿ ಶರಣರ ವಚನಗಳ ಕುರಿತ ಬರಹವನ್ನಾದರೂ ನಕಲು ಮಾಡಬಾರದು. ‘ವಚನ ಸಂಚಯ’ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ‘ಕಾಯಕ’ ಎಂದು ಹುಡುಕಿದರೆ ಆ ಪದ ಯಾರ ಯಾರ ವಚನಗಳಲ್ಲಿ ಬಂದಿದೆ ಎಂದು ಕಾಣುತ್ತದೆ. ಅವನ್ನು ಹೋಲಿಸಿ ತನಗೆ ತೋಚಿದ್ದನ್ನು ಬರೆದರೆ ಅದೇ ಅಸೈನ್‌ಮೆಂಟ್. ಚಾಟ್‌ಜಿಪಿಟಿಯಂಥ ಯಂತ್ರಗಳು ಇಲ್ಲದ ವಚನವನ್ನೂ ಅಂಕಿತ ಸಮೇತ ಕಟ್ಟಿಕೊಡಬಲ್ಲವು. ಅವು ಕೊಟ್ಟ ಪ್ರತಿ ಸಾಲನ್ನೂ ಮೂಲದಲ್ಲಿ ಹುಡುಕಿ ನೋಡುವುದು ಒಳ್ಳೆಯ ತರಬೇತಿ. ಯಂತ್ರದಿಂದಲೇ ಪೂರ್ತಿ ಬರೆಸಿಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ. ಅಲ್ಲಿ ವಿದ್ಯಾರ್ಥಿ ಕಲಿಯುವುದೇನೂ ಇಲ್ಲ.

ಸಂಶೋಧನಾ ಪ್ರಬಂಧಗಳಲ್ಲಿ ಹೋಲಿಕೆ ಶೇ 10 ಮೀರಿದರೆ ಕ್ರಮ ಎನ್ನುತ್ತದೆ ಯುಜಿಸಿಯ 2018ರ ನಿಯಮ. ಪದವಿಯ ಅಸೈನ್‌ಮೆಂಟಿಗೆ ಆ ಬಿಸಿ ತಟ್ಟುವುದಿಲ್ಲ. ಹೀಗಾಗಿ ಮೂರು ವರ್ಷ ನಕಲಿನಲ್ಲೇ ಪಳಗಿದವರು ಪಿಎಚ್‌.ಡಿ.ಗೆ ಹೋದಾಗ ತಡವರಿಸುತ್ತಾರೆ.

2023ರಲ್ಲಿ ಆರಂಭವಾದ ಬೀದರ್ ವಿಶ್ವವಿದ್ಯಾಲಯ ಇನ್ನೂ ಎಳೆಯದು, ಹೊಸ ರೂಢಿ ಹಾಕಲು ಇದೇ ಸಮಯ. ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನು ಮೊದಲ ಪ್ರತಿಗೂ ಅದನ್ನು ತಿದ್ದಿದ ಶ್ರಮಕ್ಕೂ ಮೀಸಲಿಡಲಿ. ವಿಶ್ವವಿದ್ಯಾಲಯದ ಸುತ್ತೋಲೆ ಬರುವ ಮೊದಲೇ ಭಾಲ್ಕಿ, ಔರಾದಿನ ಅಧ್ಯಾಪಕರು ತಮ್ಮ ಒಂದೊಂದು ಪತ್ರಿಕೆಯಲ್ಲಿ ಇದನ್ನು ಈ ಸೆಮಿಸ್ಟರ್‌ನಿಂದಲೇ ಶುರು ಮಾಡಲಿ.